ಚೀಟಿಯ ಮೂಲೆಯ ಸೊನ್ನೆ

ನಿವೃತ್ತಿಯಾಗಿ ಎರಡು ವರ್ಷವಾದರೂ ನನ್ನ ಕಣ್ಣು ಕೆಲಸ ಬಿಟ್ಟಿಲ್ಲ. ಬಸ್ಸಿನಲ್ಲಿ ಯಾರಾದರೂ ಮೇಲಿನ ಕಂಬಿ ಹಿಡಿದು ನಿಂತರೆ ಅವರ ಮುಖಕ್ಕಿಂತ ಮೊದಲು ಮೊಣಕೈ ಒಳಗಿನ ನರ ನೋಡುತ್ತೇನೆ. ಮದುವೆ ಊಟದ ಸಾಲಿನಲ್ಲಿ ಕೂತವರ ಕುತ್ತಿಗೆಯ ಹಿಂಭಾಗ ಕಪ್ಪಾಗಿದೆಯೇ, ಸೊಂಟಕ್ಕಿಂತ ಹೊಟ್ಟೆ ಮುಂದಿದೆಯೇ ಎಂದು ಲೆಕ್ಕ ಹಾಕುತ್ತೇನೆ. ಮಗಳು ಬೈಯುತ್ತಾಳೆ. "ಸುಮ್ಮ ಕುಂದ್ರವ್ವ, ಮಂದಿ ಊಟಕ್ಕ ಬಂದಾರ, ಪರೀಕ್ಷಾಕ್ಕಲ್ಲ" ಎನ್ನುತ್ತಾಳೆ. ಸುಮ್ಮನೆ ಕೂರಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನೇ ಇಲ್ಲಿ ಬರೆಯುತ್ತೇನೆ.

ಹೊಸದಾಗಿ ಸರ್ಕಾರಿ ಲ್ಯಾಬಿಗೆ ಸೇರಿದ ಹುಡುಗಿಯರಿಬ್ಬರು ಮನೆಗೆ ಬಂದು, ಈ ಕೆಲಸದಲ್ಲಿ ಮುಖ್ಯವಾಗಿ ಏನು ಗೊತ್ತಿರಬೇಕು ಎಂದು ಕೇಳಿದರು. ಅವರು ಮೆಷಿನ್ನಿನ ಸಂಗತಿ ಕೇಳುತ್ತಿದ್ದರು. ಮೆಷಿನ್ನು ತಾನೇ ಕಲಿಸುತ್ತದೆ, ತಪ್ಪಾದರೆ ಕೂಗಿಕೊಳ್ಳುತ್ತದೆ. ಅದು ಕಲಿಸದ ಒಂದು ಮಾತು ನನ್ನ ಹತ್ತಿರ ಇದೆ. ಅದನ್ನು ಕಲಿಯುವುದಕ್ಕೆ ನನ್ನ ಬದಲು ಬೇರೆಯವನೊಬ್ಬ ತನ್ನ ಲಿವರಿನಿಂದ ಬೆಲೆ ತೆತ್ತ.

ಮೂವತ್ನಾಲ್ಕು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಚಿಂಚೋಳಿ, ಚಿತ್ತಾಪುರ, ಶಹಾಬಾದ, ವಾಡಿ, ಸೇಡಂ ಎಲ್ಲ ತಿರುಗಿದೆ. ಮುಂದೆ ಬರೆಯುವ ತಪ್ಪು ಇದರಲ್ಲಿ ಯಾವ ಊರಿನಲ್ಲಿ ಆಯಿತೆಂದು ಹೇಳುವುದಿಲ್ಲ. ತಪ್ಪು ನನ್ನ ಕೈಯದು, ಊರಿನದಲ್ಲ.

ಅಪ್ಪ ಶಹಾಬಾದಿನ ಕಲ್ಲಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಚಪ್ಪಡಿ ಎಬ್ಬಿಸುತ್ತಿದ್ದ. ಅವ್ವ ಅದನ್ನು ಹೊರುತ್ತಿದ್ದಳು. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು, ಬಿ.ಎಸ್ಸಿ. ಮುಗಿಸಿದವಳೂ ನಾನೇ. ಡಿಗ್ರಿ ಸರ್ಟಿಫಿಕೇಟು ಮನೆಗೆ ತಂದ ದಿನ ಅಪ್ಪ ಅದನ್ನು ಕಲ್ಲಿನ ಚಪ್ಪಡಿ ನೋಡುವ ಹಾಗೆ ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದು ನೋಡಿ, "ಸಾಫ್ ಅದ" ಎಂದ. ಅವನಿಗೆ ಓದಲು ಬರುತ್ತಿರಲಿಲ್ಲ. ಆವತ್ತಿನಿಂದ ನನಗೆ ಕಾಗದದ ಮೇಲೆ ಅಪಾರ ನಂಬಿಕೆ. ಮನುಷ್ಯ ಸುಳ್ಳು ಹೇಳಬಹುದು, ಕಾಗದ ಹೇಳುವುದಿಲ್ಲ ಎಂದುಕೊಂಡೇ ನೌಕರಿಗೆ ಸೇರಿದೆ. ಅದು ಹೆಮ್ಮೆ. ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ, ನಾನು ಇವತ್ತಿಗೂ ಪಡುತ್ತೇನೆ. ಅದು ಕಣ್ಣಿಗೆ ಅಡ್ಡ ಬರಬಾರದು ಅಷ್ಟೇ.

ಮೊದಲ ಪೋಸ್ಟಿಂಗು ಚಿಂಚೋಳಿ ಕಡೆ. ವಾರಕ್ಕೊಮ್ಮೆ ಜೀಪಿನಲ್ಲಿ ಕುಂಚಾವರಂ ಕಾಡಿನ ತಾಂಡಾಗಳಿಗೆ ಹೋಗಿ ಮಲೇರಿಯಾ ರಕ್ತ ತರುವುದು. ಆಗ ಲಿವರ್ ಪರೀಕ್ಷೆ ಎಂದರೆ ಕಾಮಾಲೆ ಪರೀಕ್ಷೆ, ಅಷ್ಟೇ. ಕಣ್ಣು ಹಳದಿ ಇದ್ದರೆ ಲಿವರ್ ಕೆಟ್ಟಿದೆ, ಇಲ್ಲದಿದ್ದರೆ ಇಲ್ಲ. ಕೊಳವೆಯಲ್ಲಿ ಬಣ್ಣ ಬರಿಸಿ, ಬೆಳಕಿಗೆ ಹಿಡಿದು, ಸಣ್ಣ ಯಂತ್ರದ ಮುಳ್ಳು ನೋಡಿ ಬರೆಯುವುದು. ಕರೆಂಟು ಏರಿಳಿದರೆ ಮುಳ್ಳೂ ಏರಿಳಿಯುತ್ತಿತ್ತು.

ಚಿತ್ತಾಪುರ ಕಡೆ ಬಂದ ಮೇಲೆ ಒಂದು ವಿಚಿತ್ರ ನೋಡಿದೆ. ರಕ್ತದ ಕೊಳವೆಯನ್ನು ಯಂತ್ರದಲ್ಲಿಟ್ಟು ತಿರುಗಿಸಿದ ಮೇಲೆ ಮೇಲ್ಗಡೆ ನಿಲ್ಲುವ ನೀರು ತಿಳಿ ಹಳದಿ ಇರಬೇಕು. ಕೆಲವರದು ಹಾಲಿನ ಹಾಗೆ ಬೆಳ್ಳಗೆ ಬರುತ್ತಿತ್ತು. ನನ್ನ ಹಿರಿಯ ಟೆಕ್ನಿಷಿಯನ್ನರ ನಿಯಮ ಒಂದೇ. ಉಂಡು ಬಂದಾನ, ಚೆಲ್ಲು, ನಾಳೆ ಬಾ ಅನ್ನು. ನಾನೂ ಹಾಗೇ ಮಾಡಿದೆ. ಒಬ್ಬ ಕಿರಾಣಿ ಅಂಗಡಿಯವ ಮೂರು ದಿನ ಬಂದ, ಮೂರು ದಿನವೂ ಹಾಲು. ಮೂರನೆಯ ದಿನ ನಾನು ಮತ್ತೆ ಉಂಡು ಬಂದಿರೇನು ಎಂದದ್ದಕ್ಕೆ ಅವನು ಬೆಂಚಿನ ಮೇಲೆ ಕೂತೇಬಿಟ್ಟ.

"ಅಕ್ಕಾರ, ನಿನ್ನಿ ಮಧ್ಯಾಹ್ನದಿಂದ ನೀರ್ ಬಿಟ್ರ ಏನೂ ಮುಟ್ಟಿಲ್ಲ. ಇನ್ನ ಸತ್ತು ಬರ್ಲೇನ್ರಿ?"

ಅವನು ಹೇಳಿದ್ದು ಖರೆ. ಅವನ ರಕ್ತದಲ್ಲೇ ಕೊಬ್ಬು ಅಷ್ಟಿತ್ತು. ಆ ಕೊಬ್ಬು ರಕ್ತದಲ್ಲಿ ಮಾತ್ರ ಇರುವುದಿಲ್ಲ, ಲಿವರಿನೊಳಗೂ ಹೋಗಿ ಕೂಡುತ್ತದೆ ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ನಾವು ರೋಗವನ್ನೇ ಮೋರಿಗೆ ಚೆಲ್ಲಿ ರೋಗಿಯನ್ನು ಸುಳ್ಳುಗಾರನೆಂದು ಮನೆಗೆ ಕಳಿಸುತ್ತಿದ್ದೆವು. ಆ ದಿನವೇ ನಾನು ಕಲಿಯಬೇಕಿತ್ತು. ಕಲಿಯಲಿಲ್ಲ. ಅಂಗಡಿಯವನ ಕಥೆಯನ್ನು ನಗೆಚಾಟಿಕೆ ಮಾಡಿಕೊಂಡು ವರ್ಷಗಟ್ಟಲೆ ಹೇಳಿದೆ.

ಮುಂದಿನ ಆಸ್ಪತ್ರೆಯ ಸಾಹೇಬರು ಒಳ್ಳೆಯ ಡಾಕ್ಟರು. ಕೈಗುಣ ಇತ್ತು, ಬಾಯಿ ಮಾತ್ರ ದೊಡ್ಡದು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜಗಲಿ ತುಂಬಿರುತ್ತಿತ್ತು. ಸಿಮೆಂಟ್ ಕಾರ್ಖಾನೆಯ ಲೋಡರುಗಳು, ಲಾರಿ ಡ್ರೈವರುಗಳು, ಗಣಿ ಆಳುಗಳು. ಅವರಲ್ಲಿ ಕುಡಿಯುವವರು ಭಾಳ. ಸಾಹೇಬರಿಗೆ ಒಬ್ಬೊಬ್ಬರನ್ನೂ ಕೂರಿಸಿ ಕೇಳುವಷ್ಟು ವೇಳೆ ಇರಲಿಲ್ಲ. ಅವರು ನನ್ನನ್ನು ಕರೆದು ಒಂದು ಪದ್ಧತಿ ಮಾಡಿದರು. ಲಿವರಿನ ಎನ್‌ಜೈಮು ಏರಿದವರು ಕುಡಿಯುವವರಾಗಿದ್ದರೆ ಚೀಟಿಯ ಬಲ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಸೊನ್ನೆ ಹಾಕಬೇಕು. ಅವರು ಸೊನ್ನೆ ನೋಡಿ ಎರಡು ಮಾತು ಬೈದು ಕಳಿಸುತ್ತಾರೆ.

ಆದರೆ ನಾನು ಹೆಣ್ಣುಮಗಳು. ಅಪ್ಪನ ವಯಸ್ಸಿನ ಗಂಡಸರ ತೋಳು ಹಿಡಿದು ಸೂಜಿ ಹಾಕುವುದೇ ಆ ದಿನಗಳಲ್ಲಿ ದೊಡ್ಡ ಮಾತು. ಅವರ ಮುಖ ನೋಡಿ "ಕುಡೀತೀರೇನ್ರಿ?" ಎಂದು ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಮೊದಮೊದಲು ಒಬ್ಬಿಬ್ಬರನ್ನು ಕೇಳಿದೆ. ಒಬ್ಬ, ನೀನು ತಂದು ಕೊಟ್ಟರೆ ಕುಡಿಯುತ್ತೇನೆ ಎಂದ, ಜಗಲಿಯೆಲ್ಲ ನಕ್ಕಿತು. ಆಮೇಲೆ ಕೇಳುವುದು ಬಿಟ್ಟೆ. ನೋಡಿಯೇ ಗುರುತು ಹಿಡಿಯಲು ಕಲಿತೆ. ಕೆಂಪು ಕಣ್ಣು, ನಡುಗುವ ಬೆರಳು, ವಾಸನೆ ಮುಚ್ಚಲು ಬಾಯಲ್ಲಿ ಏಲಕ್ಕಿ. ಬರುಬರುತ್ತ ನನಗೆ ಅದರಲ್ಲಿ ಜಂಬವೇ ಬಂತು. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹೇಳಬಲ್ಲೆ ಎನ್ನುತ್ತಿದ್ದೆ. ಸಾಹೇಬರು ವರ್ಗವಾಗಿ ಹೋದರು. ಸೊನ್ನೆ ನನ್ನ ಕೈಯಲ್ಲಿ ಉಳಿಯಿತು. ಹೋದಲ್ಲೆಲ್ಲ ಹಾಕಿದೆ. ಮುಂದೆ ಬಂದ ಡಾಕ್ಟರರಿಗೂ ಅದು ಅನುಕೂಲವೇ ಆಯಿತು.

ಗನಿ ನನ್ನ ಲ್ಯಾಬಿಗೆ ಬಂದದ್ದು ಇಂಥ ಕಾಲದಲ್ಲಿ, ನಿವೃತ್ತಿಗೆ ಇನ್ನೂ ಏಳು ವರ್ಷ ಇರುವಾಗ. ಅವನ ಊರು ವಾಡಿ. ನಲವತ್ತಾರು ವಯಸ್ಸು, ಗುಂಡನೆ ಆಳು, ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಎಳೆದುಕೊಂಡಿತ್ತು. ಬಹಳ ಸುಸ್ತು ಎಂದು ಅವನ ಮಾವ ಇಸ್ಮಾಯಿಲ್ ಉಸ್ತಾದ ಕರೆದುಕೊಂಡು ಬಂದಿದ್ದರು. ಬೆಳಗಿನ ಹೊತ್ತು. ಕಣ್ಣು ಕೆಂಡದ ಹಾಗಿತ್ತು. ಕೂತಲ್ಲೇ ತೂಕಡಿಸುತ್ತಿದ್ದ. ಬಾಯಿ ತೆಗೆದರೆ ಏಲಕ್ಕಿ ವಾಸನೆ. ನಾನು ಏನೂ ಕೇಳಲಿಲ್ಲ. ರಕ್ತ ತೆಗೆದೆ. ಎಸ್‌ಜಿಪಿಟಿ ನೂರು, ಎಸ್‌ಜಿಒಟಿ ಅರವತ್ತೆರಡು. ಎರಡೂ ಲಿವರಿನ ಎನ್‌ಜೈಮು, ನಲವತ್ತರ ಒಳಗೋ ಆಸುಪಾಸಿನಲ್ಲೋ ಇರಬೇಕಾದವು. ಸಕ್ಕರೆ ಕೂಡ ಜಾಸ್ತಿ. ಚೀಟಿ ಬರೆದು ಮೂಲೆಯಲ್ಲಿ ಸೊನ್ನೆ ಹಾಕಿದೆ.

ಒಳಗೆ ಏನಾಯಿತೆಂದು ನನಗೆ ಬಾಗಿಲಿನಿಂದಲೇ ಕೇಳಿಸಿತು. ಡಾಕ್ಟರರು ಚೀಟಿ ನೋಡಿ, ಮೊದಲು ಕುಡಿಯುವುದು ಬಿಡು, ಆಮೇಲೆ ನನ್ನ ಹತ್ತಿರ ಬಾ ಎಂದು ಗಟ್ಟಿಯಾಗಿ ಹೇಳಿದರು. ಗನಿ ಇಲ್ಲ ಎಂದ. ಎಲ್ಲರೂ ಇಲ್ಲ ಎಂದೇ ಅನ್ನುವುದು ಎಂದರು ಡಾಕ್ಟರು. ಉಸ್ತಾದ ಹೊರಗೆ ಬಂದು ಅಳಿಯನಿಗಾಗಿ ಕಾಯದೆ ನಡೆದುಹೋದರು. ನನಗೆ ಅದು ನೆನಪಿದೆ, ಏಕೆಂದರೆ ಮುದುಕ ಚಪ್ಪಲಿಯನ್ನು ತಿರುಗಾಮುರುಗಾ ಹಾಕಿಕೊಂಡು ಹೋದದ್ದು ಕಂಡು ನಗು ಬಂದಿತ್ತು.

ಗನಿ ಏನು ಕೆಲಸ ಮಾಡುತ್ತಾನೆಂದು ನಾನು ಕೇಳಿರಲಿಲ್ಲ. ಚೀಟಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅವನು ಬಾವರ್ಚಿ, ನಿಕಾಹ್ ಮನೆಗಳ ಅಡಿಗೆಯವ. ಆ ರಾತ್ರಿಯೆಲ್ಲ ಕಟ್ಟಿಗೆ ಒಲೆಯ ಹೊಗೆಯಲ್ಲಿ ಬಿರಿಯಾನಿ ಬೇಯಿಸುವ ದೊಡ್ಡ ಹಂಡೆ, ದೇಗಿನ ಮುಂದೆ ನಿಂತು ನೇರವಾಗಿ ಆಸ್ಪತ್ರೆಗೆ ಬಂದಿದ್ದ. ಕಣ್ಣು ಕೆಂಪಾದದ್ದು ಹೊಗೆಗೆ. ತೂಕಡಿಕೆ ನಿದ್ದೆಗೆಟ್ಟದ್ದಕ್ಕೆ. ಏಲಕ್ಕಿ ಅವನ ಅಂಗಿಯಲ್ಲಿ, ಬೆರಳಲ್ಲಿ, ಉಸಿರಲ್ಲಿ ಎಲ್ಲ ಕಡೆ ಇತ್ತು. ಇದೆಲ್ಲ ನನಗೆ ಗೊತ್ತಾದದ್ದು ಆರು ವರ್ಷದ ನಂತರ.

ಎರಡು ವರ್ಷ ಬಿಟ್ಟು ಸಕ್ಕರೆ ಪರೀಕ್ಷೆಗೆ ಬಂದ. ಮುಖ ನೆನಪಿತ್ತು. ಲಿವರಿನದೂ ಮಾಡಿದೆ. ಎಸ್‌ಜಿಪಿಟಿ ನಲವತ್ತೊಂಬತ್ತಕ್ಕೆ ಇಳಿದಿತ್ತು, ಎಸ್‌ಜಿಒಟಿ ನಲವತ್ತಕ್ಕೆ. ನನಗೆ ಖುಷಿಯಾಯಿತು. ನಮ್ಮ ಡಾಕ್ಟರ ಬೈಗುಳ ಕೆಲಸ ಮಾಡಿತು ಎಂದುಕೊಂಡೆ.

"ಭೇಷ್ ಗನಿ ಭಾಯಿ, ಬಿಟ್ಟಿದ್ದಕ್ಕ ಹ್ಯಾಂಗ ಇಳದಾವ ನೋಡ್ರಿ" ಎಂದೆ.

ಅವನು ನನ್ನನ್ನೇ ನೋಡಿದ. "ಏನ್ ಬಿಟ್ಟಿದ್ದಕ್ಕ್ರೀ?"

ನಾನು ಉತ್ತರಿಸುವ ಮೊದಲೇ ಎದ್ದ. ಚೀಟಿ ಬೆಂಚಿನ ಮೇಲೆಯೇ ಉಳಿಯಿತು. ಅದನ್ನು ನಾನು ಹಿಂದೆ ಓಡಿ ಕೊಡಲೂ ಇಲ್ಲ, ಇನ್ನೂ ಹತ್ತು ಜನ ಸಾಲಿನಲ್ಲಿದ್ದರು. ನಾಲ್ಕು ವರ್ಷ ಅವನು ಆಸ್ಪತ್ರೆಯ ಕಡೆ ಸುಳಿಯಲಿಲ್ಲ.

ಆ ನಾಲ್ಕು ವರ್ಷದಲ್ಲಿ ನಮ್ಮ ಲ್ಯಾಬೇ ಬದಲಾಯಿತು. ಮುಳ್ಳಿನ ಯಂತ್ರ ಹೋಗಿ, ರಕ್ತ ಇಟ್ಟರೆ ತಾನೇ ಹೀರಿಕೊಂಡು ಅಂಕಿ ಕೊಡುವ ಮೆಷಿನ್ನು ಬಂತು. ಕಲಬುರಗಿಗೆ ಸ್ಕ್ಯಾನಿಗೆ ಹೋಗಿ ಬಂದವರು 'ಫ್ಯಾಟಿ ಲಿವರ್ ಗ್ರೇಡ್ ಒನ್' ಎಂಬ ಕಾಗದ ಹಿಡಿದುಕೊಂಡು ಬರಲು ಶುರು ಮಾಡಿದರು. ಮಂದಿಗೆ ಅದು ಪರೀಕ್ಷೆಯಲ್ಲಿ ಪಾಸಾದ ಹಾಗೆ. ಗ್ರೇಡ್ ಒನ್ನೇ ಅಲ್ಲವೇ, ಎಲ್ಲರಿಗೂ ಇರುತ್ತದೆ ಎನ್ನುವರು. ಹೊಸಬರೇ, ಇದನ್ನು ಗಟ್ಟಿ ಮಾಡಿಕೊಳ್ಳಿ. ಆ ಗ್ರೇಡು ಲಿವರಿನಲ್ಲಿ ಕೊಬ್ಬು ಎಷ್ಟು ಕಾಣುತ್ತದೆ ಎಂದು ಹೇಳುತ್ತದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವುದಿಲ್ಲ. ಕೊಬ್ಬು ಮೊದಲು ಕೂಡುತ್ತದೆ, ಆಮೇಲೆ ಕೆಲವರಲ್ಲಿ ಬಾವು ಬರುತ್ತದೆ, ಬಾವು ಮಾಯುತ್ತ ಮಾಯುತ್ತ ಗಾಯದ ಕಲೆ ಕಟ್ಟುತ್ತದೆ, ಕಲೆ ಹೆಚ್ಚಾಗಿ ಕೊನೆಗೆ ಲಿವರ್ ನಮ್ಮೂರ ಫರ್ಸಿಯ ಹಾಗಾಗುತ್ತದೆ. ಇಷ್ಟೆಲ್ಲ ಆಗುವಾಗ ನೋವಿಲ್ಲ, ಹಳದಿ ಇಲ್ಲ. ಸುಸ್ತು ಅಂದರೆ ನಮ್ಮ ಕಡೆ ಯಾರು ಲೆಕ್ಕಕ್ಕಿಡುತ್ತಾರೆ? ಈ ಬಿಸಿಲಿಗೆ ಎಲ್ಲರಿಗೂ ಸುಸ್ತೇ.

ಇದು ದಪ್ಪಗಿದ್ದವರ ರೋಗ ಅಂತಲೂ ತಿಳಿಯಬೇಡಿ. ಒಣಗಿದ ಕಟ್ಟಿಗೆಯಂಥ ಕೈಕಾಲಿನವರಿಗೂ ಹೊಟ್ಟೆಯ ಒಳಗೆ ಕೊಬ್ಬಿರುತ್ತದೆ. ದಿನಕ್ಕೆ ಎಂಟು ಹತ್ತು ಕಪ್ಪು ಸಕ್ಕರೆ ಚಹಾ, ಅದರ ಜೊತೆ ಖಾರಿ ಬಿಸ್ಕೀಟು, ಮಿರ್ಚಿ ಭಜಿ. ನಮ್ಮವರು ಚಹಾವನ್ನು ಊಟದ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗನಿ ಮೂರನೆಯ ಸಲ ಬಂದದ್ದು ಹರ್ನಿಯಾ ಆಪರೇಷನ್ನಿಗೆ. ದೇಗು ಎತ್ತಿ ಎತ್ತಿ ಆದದ್ದು. ಈಗ ಅವನಿಗೆ ಐವತ್ತೆರಡು. ಮುಖ ಇಳಿದಿತ್ತು. ಆಪರೇಷನ್ನಿಗೆ ಮೊದಲು ಎಲ್ಲ ರಕ್ತ ಪರೀಕ್ಷೆ ಮಾಡಿದೆ. ಎಸ್‌ಜಿಒಟಿ ನಲವತ್ನಾಲ್ಕು, ಎಸ್‌ಜಿಪಿಟಿ ಮೂವತ್ತಾರು. ಅದನ್ನು ಲಿವರಿನ ರಿಜಿಸ್ಟರಿನಲ್ಲಿ ಬರೆದೆ. ಪ್ಲೇಟ್‌ಲೆಟ್ ಒಂದು ಲಕ್ಷ ಹತ್ತು ಸಾವಿರ, ಇರಬೇಕಾದ್ದಕ್ಕಿಂತ ಕಡಿಮೆ. ಅದನ್ನು ರಕ್ತಕಣಗಳ ರಿಜಿಸ್ಟರಿನಲ್ಲಿ ಬರೆದೆ. ಎರಡೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ಮೇಜು. ಆಪರೇಷನ್ ಡಾಕ್ಟರರು ಪ್ಲೇಟ್‌ಲೆಟ್ ಕಡಿಮೆ ಇದೆ, ತಿಂಗಳು ಬಿಟ್ಟು ಬಾ ಎಂದರು. ಗನಿ ನನ್ನ ಕಿಟಕಿಗೆ ಬಂದು ಲಿವರ್ ಹೇಗಿದೆ ಎಂದು ಮಾತ್ರ ಕೇಳಿದ. ನಾನು ನಾರ್ಮಲ್ ಎಂದೆ. ಕಾಗದ ನಾರ್ಮಲ್ ಎನ್ನುತ್ತಿತ್ತು.

ಗನಿ ಮತ್ತೆ ಬರಲಿಲ್ಲ. ಎರಡು ತಿಂಗಳಿಗೆ ಹೊಸ ಡಾಕ್ಟರ್ ಮೇಡಂ ಬಂದರು. ನನ್ನ ಮಗಳಿಗಿಂತ ಚಿಕ್ಕವರು. ಒಂದು ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಲ್ಯಾಬಿಗೆ ಬಂದು, ಎರಡೂ ರಿಜಿಸ್ಟರು ಒಟ್ಟಿಗೆ ತೆರೆಯಲು ಹೇಳಿದರು. ಲಿವರ್ ಗಟ್ಟಿಯಾದಂತೆ ಪ್ಲೇಟ್‌ಲೆಟ್ ಇಳಿಯುತ್ತ ಹೋಗುತ್ತದೆ ಎಂದು ಹೇಳಿ ಒಂದು ಲೆಕ್ಕ ಕಲಿಸಿದರು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸುವುದು. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಬರೆದು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸುವುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಬಂದ ಅಂಕಿ ಒಂದು ಪಾಯಿಂಟ್ ಮೂರರ ಒಳಗಿದ್ದರೆ ಸದ್ಯಕ್ಕೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ. ಮೇಲಿದ್ದರೆ ಮುಂದಿನ ಪರೀಕ್ಷೆ ಬೇಕು. ಎರಡೂವರೆ ದಾಟಿದರೆ ತಡ ಮಾಡಬಾರದು. ಇದೇ ತೀರ್ಪಲ್ಲ, ಜರಡಿ ಅಷ್ಟೇ ಎಂದರು. ತೀರ ಚಿಕ್ಕವರಲ್ಲಿ, ವಯಸ್ಸಾದವರಲ್ಲಿ, ಜ್ವರ ಇರುವಾಗ ಇದು ದಾರಿ ತಪ್ಪಿಸುತ್ತದೆ ಎಂದೂ ಹೇಳಿದರು.

ಇನ್ನೂ ಒಂದು ಮಾತು ಹೇಳಿದರು. ಕುಡಿಯುವವರಲ್ಲಿ ಹೆಚ್ಚಾಗಿ ಎಸ್‌ಜಿಒಟಿ ಮೇಲಿರುತ್ತದೆ. ಕುಡಿಯದೆ ಕೊಬ್ಬು ಕೂಡಿದ ಲಿವರಿನಲ್ಲಿ ಶುರುವಿಗೆ ಎಸ್‌ಜಿಪಿಟಿ ಮೇಲಿರುತ್ತದೆ. ರೋಗ ಬಲಿತಾಗ ಎರಡೂ ಇಳಿದು ನಾರ್ಮಲ್ಲಿನ ಹಾಗೆ ಕಾಣಬಹುದು, ಮೋಸ ಹೋಗಬೇಡಿ ಎಂದರು.

ನನಗೆ ಗನಿಯ ಅಂಕಿ ನೆನಪಾದವು. ಮೊದಲು ಎಸ್‌ಜಿಪಿಟಿ ನೂರು, ಆಮೇಲೆ ನಲವತ್ತೊಂಬತ್ತು, ಈಗ ಮೂವತ್ತಾರು. ಮೇಡಂ ಎದುರಿಗೇ ಗನಿಯ ಪುಟ ಹುಡುಕಿದೆ. ಮೂರೂ ಸಲ ರಕ್ತಕಣ ಎಣಿಸಿ ಬರೆದ ಪ್ಲೇಟ್‌ಲೆಟ್ ಬೇರೆ ಪುಸ್ತಕದಲ್ಲಿ ಕೂತಿದ್ದವು. ಒಂದು ಲಕ್ಷ ತೊಂಬತ್ತು ಸಾವಿರ, ಒಂದು ಲಕ್ಷ ಐವತ್ತು, ಒಂದು ಲಕ್ಷ ಹತ್ತು. ಮೆಟ್ಟಿಲು ಇಳಿದ ಹಾಗೆ. ಲೆಕ್ಕ ಹಾಕಿದೆ. ಮೊದಲ ವರ್ಷವೇ ಒಂದೂವರೆ. ಅಂದರೆ ಆಗಲೇ ಕಲಬುರಗಿಗೆ ಕಳಿಸಬೇಕಿತ್ತು. ಈಗ ಮೂರೂವರೆ ಹತ್ತಿರ. ಮೂರೂ ಸಲ ಬರೆದದ್ದು ನನ್ನದೇ ಕೈ, ನನ್ನದೇ ಅಕ್ಷರ. ಬಿ.ಎಸ್ಸಿ. ಓದಿದವಳಿಗೆ ಗುಣಾಕಾರ ಬರುತ್ತಿರಲಿಲ್ಲವೇ? ಬರುತ್ತಿತ್ತು. ಎರಡು ಪುಸ್ತಕ ಒಂದು ಮೇಜಿನ ಮೇಲೆ ಇಟ್ಟಿರಲಿಲ್ಲ. ಇಡದಿದ್ದದ್ದು ಸೊನ್ನೆಯಿಂದ. ಸೊನ್ನೆ ಹಾಕಿದ ಮೇಲೆ ನನಗೆ ಅವನ ರೋಗ ಗೊತ್ತಾಗಿಹೋಗಿತ್ತಲ್ಲ.

ಮೇಡಂಗೆ ಸೊನ್ನೆಯ ಸಂಗತಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನನ್ನು ಕರೆಸಿ ಎಂದರು. ಫೋನ್ ನಂಬರಿಗೆ ಮೂರು ಸಲ ಹಚ್ಚಿದೆ, ಆಸ್ಪತ್ರೆ ಎಂದ ಕೂಡಲೇ ಇಟ್ಟುಬಿಡುತ್ತಿದ್ದ. ಕೊನೆಗೆ ರಜೆ ಹಾಕಿ ನಾನೇ ವಾಡಿಗೆ ಹೋದೆ.

ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಅವನ ಹೆಂಡತಿ ಶಮೀಮ್ ಬಾಗಿಲಲ್ಲಿ ನನ್ನನ್ನು ಗುರುತು ಹಿಡಿದಳು. ಒಳಗೆ ಕರೆದಳು, ನೀರು ಕೊಟ್ಟಳು, ಆದರೆ ಕೂರಲಿಲ್ಲ. ಆರು ವರ್ಷದಲ್ಲಿ ಏನೇನಾಯಿತೆಂದು ನಿಂತುಕೊಂಡೇ ಹೇಳಿದಳು. ಇಸ್ಮಾಯಿಲ್ ಉಸ್ತಾದ ಆಕೆಯ ತಂದೆ. ಅಳಿಯನಿಗೆ ಕೆಲಸ ಕಲಿಸಿದವರೂ ಅವರೇ, ಅಡಿಗೆಯ ತಂಡದ ಯಜಮಾನರೂ ಅವರೇ. ಆಸ್ಪತ್ರೆಯಿಂದ ಬಂದ ಮರುದಿನವೇ ಗನಿಯನ್ನು ದೇಗಿನ ಮುಂದಿನಿಂದ ಎಬ್ಬಿಸಿ ಉಳ್ಳಾಗಡ್ಡಿ ಕೊಯ್ಯಲು ಕೂರಿಸಿದರು. ಕುಡಿಯುವವನ ಕೈಯಿಂದ ನಿಕಾಹ್ ಊಟ ಆಗಕೂಡದು ಎಂದರು. ಗನಿ ಕಸಮ್ ಹಾಕಿದ. ಮಕ್ಕಳ ತಲೆ ಮುಟ್ಟಿದ. ಮುದುಕರದು ಒಂದೇ ಮಾತು.

"ನಮ್ಮಪ್ಪ ಏನಂದ್ರು ಗೊತ್ತೇನ್ರಿ ಅಕ್ಕಾರ? ದವಾಖಾನಿ ಕಾಗದ ಝೂಟ್ ಹೇಳತದೇನು ಅಂದ್ರು."

ನೀರಿನ ಲೋಟ ಕೆಳಗಿಟ್ಟೆ. ಅದು ನನ್ನದೇ ಮಾತು.

ಗನಿ ಒಳಗಿನಿಂದ ಬಂದ. ನಾನು ಸುತ್ತುಬಳಸದೆ ಹೇಳಿದೆ. ತಪ್ಪು ನನ್ನದು, ನಿಮ್ಮನ್ನು ಕೇಳದೆ ಗುರುತು ಹಾಕಿದೆ, ನಿಮ್ಮ ಲಿವರ್ ಗಟ್ಟಿಯಾಗುತ್ತಿರುವ ಹಾಗಿದೆ, ನಾಳೆಯೇ ಕಲಬುರಗಿಗೆ ನಡೆಯಿರಿ, ನಾನೇ ಬರುತ್ತೇನೆ. ಅವನು ಗೋಡೆಗೆ ಒರಗಿ ಕೇಳಿಸಿಕೊಂಡ. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

"ಲಿವರ್ ಆಮ್ಯಾಲ ನೋಡೂಣ್ರಿ ಅಕ್ಕಾರ" ಎಂದ. "ನೀವು ಈ ಮಾತು ನನ್ನ ಮುಂದ ಹೇಳಿದ್ರ ಏನ್ ಬಂತು? ನಂಗ ಮೊದಲೇ ಗೊತ್ತಿತ್ತು. ಯಾರಿಗೆ ಗೊತ್ತಿಲ್ಲೋ ಅವರ ಮುಂದ ಹೇಳ್ರಿ."

ಶಮೀಮ್ ಗಂಡನ ಮೇಲೆ ರೇಗಿದಳು. ಜೀವ ಮುಖ್ಯವೋ ಹಟ ಮುಖ್ಯವೋ ಎಂದಳು. ಅವನು ಅಲುಗಲಿಲ್ಲ. ಉಳ್ಳಾಗಡ್ಡಿ ಕೊಯ್ಯುವವನಾಗಿ ಇನ್ನೂ ಇಪ್ಪತ್ತು ವರ್ಷ ಬದುಕಿ ಏನು ಮಾಡಲಿ ಎಂದ. ನಾನು ಅರ್ಧ ತಾಸು ಬೇಡಿಕೊಂಡೆ. ಅವನ ಉತ್ತರ ಬದಲಾಗಲಿಲ್ಲ.

ಮುಂದಿನ ಶುಕ್ರವಾರ ಶಹಾಬಾದಿನಲ್ಲಿ ಉಸ್ತಾದರ ತಂಡದ್ದು ಒಂದು ಮದುವೆಯ ಅಡಿಗೆ ಇತ್ತು, ಅಲ್ಲಿಗೆ ಹೋದೆ. ಶಾದಿಮಹಲಿನ ಹಿಂದಿನ ಅಂಗಳ. ಮಧ್ಯಾಹ್ನದ ಹೊತ್ತು, ಸಂಜೆಯ ಊಟಕ್ಕೆ ಸಿದ್ಧತೆ ನಡೆದಿತ್ತು. ಒಲೆ ಹೊತ್ತಿದ್ದವು. ಹನ್ನೆರಡು ಹದಿಮೂರು ಜನ ಗಂಡಸರು ಬೆಳ್ಳುಳ್ಳಿ ಬಿಡಿಸುತ್ತ, ಮಾಂಸ ತೊಳೆಯುತ್ತ ಕೂತಿದ್ದರು. ಗನಿ ಒಂದು ಮೂಲೆಯಲ್ಲಿ ಉಳ್ಳಾಗಡ್ಡಿಯ ರಾಶಿಯ ಮುಂದಿದ್ದ. ಉಸ್ತಾದರಿಗೆ ಎಂಬತ್ತರ ಹತ್ತಿರ, ಕುರ್ಚಿಯ ಮೇಲೆ ಕೂತು ಎಲ್ಲರಿಗೂ ಹುಕುಂ ಕೊಡುತ್ತಿದ್ದರು. ನಾನು ಅವರ ಎದುರಿಗೆ ನಿಂತೆ. 

"ಉಸ್ತಾದಜೀ, ನಾ ದವಾಖಾನಿ ಲ್ಯಾಬಿನಾಕಿ. ಆರು ವರ್ಷದ ಹಿಂದ ನಿಮ್ಮ ಅಳಿಯಾ ಕುಡೀತಾನ ಅಂತ ಚೀಟಿ ಮ್ಯಾಲ ಗುರ್ತು ಹಾಕಿದಾಕಿ ನಾನ. ಅವರಿಗಿ ಕೇಳಿದ್ದಿಲ್ಲ. ಕಣ್ಣು ಕೆಂಪ ನೋಡಿ ಹಾಕಿದೆ. ರಕ್ತದಾಗ ಕುಡದದ್ದು ಏನೂ ಇದ್ದಿಲ್ಲ. ನಂದು ತಪ್ಪು."

ಬೆಳ್ಳುಳ್ಳಿ ಬಿಡಿಸುವ ಕೈಗಳು ನಿಂತವು. ಒಬ್ಬ ಮಾತ್ರ, ಹೊಗೆಗೆ ಕೆಂಪಾದ ತನ್ನ ಕಣ್ಣು ತೋರಿಸಿ, ಹಾಗಾದರೆ ನಮ್ಮ ತಂಡದಲ್ಲಿ ಕುಡಿಯದವರು ಯಾರೂ ಇಲ್ಲ ಬಿಡಿ ಎಂದ. ಯಾರೂ ನಗಲಿಲ್ಲ. ಹಾಗಾದರೆ ಲಿವರ್ ಯಾಕೆ ಕೆಟ್ಟಿತು ಎಂದು ಉಸ್ತಾದ ಕೇಳಿದರು. ನಾನು ತಿಳಿದ ಮಟ್ಟಿಗೆ ಹೇಳಿದೆ. ಸಕ್ಕರೆ ರೋಗ, ಹೊಟ್ಟೆಯ ಕೊಬ್ಬು, ರಾತ್ರಿ ಎಚ್ಚರವಿದ್ದು ಕುಡಿಯುವ ಸಕ್ಕರೆ ಚಹಾ, ರುಚಿ ನೋಡಿ ನೋಡಿ ಒಳಗೆ ಹೋದ ಎಣ್ಣೆ ತುಪ್ಪ. ಈಗ ದೊಡ್ಡ ಡಾಕ್ಟರುಗಳು 'ಕುಡಿಯದವರ ಕೊಬ್ಬಿನ ಲಿವರ್' ಎಂದಿದ್ದ ಈ ರೋಗದ ಹೆಸರಿನೊಳಗಿಂದಲೇ ಕುಡಿತದ ಮಾತನ್ನು ತೆಗೆದುಹಾಕಿದ್ದಾರೆ ಎಂದೂ ಹೇಳಿದೆ. ಅವರು ತಲೆ ಬಗ್ಗಿಸಿ ಕೇಳಿದರು.

"ಒಂದ್ಸಲ ಕೇಳಬೇಕಿತ್ತಲ್ಲವ್ವ ಅವನಿಗಿ" ಎಂದರು ಕೊನೆಗೆ. ಕುರ್ಚಿಗೆ ಒರಗಿಸಿದ್ದ ಕೋಲು ಕೈಗೆ ತೆಗೆದುಕೊಂಡು, "ನಾನೂ ಕೇಳಬೇಕಿತ್ತು" ಎಂದರು.

ಆಮೇಲೆ ಕೋಲು ಊರಿ ಎದ್ದು ಉಳ್ಳಾಗಡ್ಡಿಯ ರಾಶಿಯ ತನಕ ನಡೆದರು. ಅಳಿಯನ ಮುಖ ನೋಡಲಿಲ್ಲ. ದೇಗಿನ ಕಡೆ ಕೋಲು ತೋರಿಸಿ, "ಗನಿ, ನಮಕ್ ದೇಖ್" ಎಂದರು.

ಉಪ್ಪು ನೋಡುವುದು ಅವರಲ್ಲಿ ಯಜಮಾನನ ಕೆಲಸ. ಗನಿ ಕೈ ತೊಳೆದುಕೊಂಡ. ದೊಡ್ಡ ಸೌಟು ಹಾಕಿ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸಿದ. ಇನ್ನೊಂದು ಮುಷ್ಟಿ ಬೇಕು ಎಂದ. ಒಬ್ಬ ಎದ್ದು ಉಪ್ಪಿನ ಡಬ್ಬಿ ತಂದ. ಅದೆಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದ. ಉಳ್ಳಾಗಡ್ಡಿಯ ಕಣ್ಣೀರೋ ಮತ್ತೊಂದೋ, ತೋಳಿನಿಂದ ಒರೆಸಿಕೊಂಡ.

"ಯಾವಾಗ ಹೋಗಬೇಕ್ರಿ ಕಲಬುರಗಿಗಿ?"

ಸೋಮವಾರ ಹೋದೆವು. ಲಿವರಿನ ಗಟ್ಟಿತನ ಅಳೆಯುವ ಮೆಷಿನ್ನಿನಲ್ಲಿ ಮಲಗಿಸಿದರು. ಕಾಮಾಲೆಯ ಬಿ, ಸಿ ವೈರಸ್ಸು ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಬಾಯಿಯಿಂದ ಕೊಳವೆ ಇಳಿಸಿ ಅನ್ನನಾಳದ ನರಗಳನ್ನು ನೋಡಿದರು. ಸ್ವಲ್ಪ ಉಬ್ಬಿದ್ದವು, ಒಡೆಯುವ ಹಂತಕ್ಕೆ ಬಂದಿರಲಿಲ್ಲ. ಲಿವರ್ ಗಟ್ಟಿಯಾಗಿದೆ, ಆದರೆ ಇನ್ನೂ ಕೆಲಸ ಬಿಟ್ಟಿಲ್ಲ ಎಂದರು ಅಲ್ಲಿಯ ಡಾಕ್ಟರು. ತೂಕ ಮೆಲ್ಲಗೆ ಇಳಿಸು, ಆದರೆ ಉಪವಾಸ ಬಿದ್ದು ಮೈ ಕರಗಿಸಬೇಡ. ಬೇಳೆ, ಮೊಟ್ಟೆ ಬಿಡಬೇಡ. ದಿನಾ ನಡೆ. ಸಕ್ಕರೆ ಹತೋಟಿಯಲ್ಲಿಡು. ನಾಟಿ ಬೇರು, ಪುಡಿ, ಕಷಾಯ ಯಾವುದನ್ನೂ ಲಿವರಿನ ಹೆಸರಿನಲ್ಲಿ ಮುಟ್ಟಬೇಡ. ಆರು ತಿಂಗಳಿಗೊಮ್ಮೆ ಸ್ಕ್ಯಾನು, ಜೀವಮಾನ ಪೂರ್ತಿ, ಯಾಕೆಂದರೆ ಇಂಥ ಲಿವರಿನಲ್ಲಿ ಕ್ಯಾನ್ಸರಿನ ಗಂಟು ಬೆಳೆಯಬಹುದು. ಮೊದಲಿನ ಹಾಗೆ ಆಗುತ್ತದೆಯೇ ಎಂದು ಶಮೀಮ್ ಕೇಳಿದಳು. ಆರು ವರ್ಷ ಮೊದಲು ಬಂದಿದ್ದರೆ ಆ ಮಾತು ಹೇಳಬಹುದಿತ್ತು, ಈಗ ಇಲ್ಲಿಗೇ ತಡೆಯೋಣ ಎಂದರು. ಡಾಕ್ಟರರು ಅದನ್ನು ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ. ಗನಿ ಕೂಡ ನನ್ನ ಕಡೆ ತಿರುಗಲಿಲ್ಲ. ಹೆಸರು ಒಂದು ಮಧ್ಯಾಹ್ನದಲ್ಲಿ ವಾಪಸ್ ಬಂದಿತ್ತು. ಲಿವರ್ ಹಾಗೆ ಬರುವುದಿಲ್ಲ.

ನಿವೃತ್ತಿಗೆ ಮುಂಚಿನ ತಿಂಗಳುಗಳಲ್ಲಿ ಮೇಡಂ ಅವರ ಅನುಮತಿ ಪಡೆದು ಎರಡೂ ರಿಜಿಸ್ಟರುಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಸಾಲು ಸಾಲಾಗಿ ಲೆಕ್ಕ ಹಾಕಿದೆ. ಅಂಕಿ ಮೇಲೆ ಬಂದವರನ್ನು ಕರೆಸಿದೆವು. ಕೆಲವರು ಬಂದರು. ಕೆಲವರ ನಂಬರು ಹತ್ತಲಿಲ್ಲ. ಇಬ್ಬರ ಮನೆಯಲ್ಲಿ ಫೋನ್ ಎತ್ತಿದವರು, ಅವರು ಹೋಗಿ ವರ್ಷವಾಯಿತು ಎಂದರು. ಹೇಗೆ ಹೋದರು ಎಂದು ಕೇಳಲು ಧೈರ್ಯವಾಗಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿದರು, ಭಾಷಣ ಮಾಡಿದರು. ನನಗೆ ಆ ಹತ್ತದ ನಂಬರುಗಳೇ ತಲೆಯಲ್ಲಿದ್ದವು.

ಹುಡುಗಿಯರೇ, ನಿಮಗೆ ಹೇಳುವುದು ಇಷ್ಟೇ. ಕುಡಿಯುವವರಿಗೂ ಅದೇ ಮರ್ಯಾದೆ ಕೊಟ್ಟು ಕೇಳಿ, ಕುಡಿಯದವರಿಗೂ ಕೇಳಿ. ಕುಡಿತದ ಜೊತೆಗೆ ಏನು ಕೆಲಸ, ಎಷ್ಟು ಚಹಾ, ಮನೆಯಲ್ಲಿ ಸಕ್ಕರೆ ರೋಗ ಯಾರಿಗಿದೆ, ನಿದ್ದೆ ಯಾವಾಗ ಎಂದೂ ಕೇಳಿ. ನಾಚಿಕೆಯಾದರೆ ಬನ್ನಿ ಎಂದು ಪಕ್ಕಕ್ಕೆ ಕರೆದು ಕೇಳಿ. ಅವರು ಹೇಳಿದ್ದನ್ನು ಬರೆಯಿರಿ. ನಿಮಗೆ ಅನಿಸಿದ್ದನ್ನು ಬರೆಯಬೇಡಿ, ಪೆನ್ಸಿಲ್ಲಿನಲ್ಲಿ ಕೂಡ.

ಗನಿ ಈಗ ಎಂಟು ಕಿಲೋ ಇಳಿದಿದ್ದಾನೆ. ದೇಗಿನ ಮುಂದೆ ನಿಲ್ಲುತ್ತಾನೆ, ಚಹಾ ಸಕ್ಕರೆ ಇಲ್ಲದೆ ಕುಡಿಯುತ್ತಾನೆ, ದೇಗು ಮಾತ್ರ ಎತ್ತುವುದಿಲ್ಲ. ಇಷ್ಟು ದಿನ ಅವನ ಪ್ರತಿ ಸ್ಕ್ಯಾನಿಗೂ ನಾನೇ ಜೊತೆಗೆ ಹೋಗಿದ್ದೇನೆ. ಬರುವ ಮಂಗಳವಾರ ಮತ್ತೊಂದು ಇದೆ. ಹೋದ ಸಲ ಸ್ಕ್ಯಾನಿನಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತ್ತು. ಏನೂ ಇರಲಿಕ್ಕಿಲ್ಲ, ಆದರೂ ಮೂರು ತಿಂಗಳಿಗೇ ಬನ್ನಿ ಎಂದಿದ್ದರು. ನಿನ್ನೆ ಅವನೇ ಫೋನ್ ಮಾಡಿದ.

"ಈ ಸಲ ನೀವು ಬರಬ್ಯಾಡ್ರಿ ಅಕ್ಕಾರ" ಎಂದ. "ನಿಮ್ಮ ಮಾರಿ ಮ್ಯಾಲ ಎಲ್ಲಾ ಕಾಣಸ್ತದ. ಡಾಕ್ಟರ್ ಬಾಯಿ ತಗಿಯೂದ್ರಾಗ ನಮ್ಮಾಕಿ ನಿಮ್ಮನ್ನ ನೋಡಿ ಅಳ್ಳಿಕತ್ತಿರ್ತಾಳ. ನಾವಿಬ್ಬರ ಹೋಗಿ ಬರ್ತೀವಿ. ಬಂದ ಮ್ಯಾಲ ನಾನ ಹೇಳ್ತೀನಿ."

ಆಯಿತು ಎಂದೆ. ಅವನ ಲಿವರ್, ಅವನ ಕಾಗದ. ಮೊದಲು ಓದುವ ಹಕ್ಕು ಅವನದು. ಮಂಗಳವಾರ ನಾನು ಮನೆಯಲ್ಲೇ ಇರುತ್ತೇನೆ. ಅವನು ಹೇಳುವ ತನಕ ಏನೂ ಊಹಿಸದೆ ಕೂರಬೇಕು. ಈ ವಯಸ್ಸಿನಲ್ಲಿ ಅದನ್ನು ಕಲಿಯುತ್ತಿದ್ದೇನೆ.